ಕೆಲಸದ ಕಣ್ಣು, ಕಾವಲಿನ ಕಣ್ಣು

ಚಾಂದ ಪಾಶಾರೊಂದಿಗೆ ಜಗಳ ಆಡದವರು ನಮ್ಮ ಗಲ್ಲಿಯಲ್ಲಿ ಯಾರೂ ಇಲ್ಲ. ಎದುರು ಮನೆಯವಳಾದ ನನ್ನ ಪಾಲಿಗೆ ಅದು ಉಳಿದವರಿಗಿಂತ ಹೆಚ್ಚೇ ಬಂದಿದೆ. ಬೀದರಿನ ಚೌಬಾರಾ ಗೋಪುರದ ಹಿಂದೆ ಇರುವ ಗಲ್ಲಿ ನಮ್ಮದು. ಎದುರುಬದುರು ಎರಡು ಮೋಟರ್‌ಸೈಕಲ್ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು, ಅಷ್ಟು ಕಿರಿದು. ಅವರ ಕಾರ್ಖಾನೆಯಲ್ಲಿ ಸುತ್ತಿಗೆ ಬಿದ್ದರೆ ನನ್ನ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಬೀದಿಗೆ ಬಾಗಿಲು ತೆರೆದ ಒಂದು ಕೋಣೆ, ಕೂರಲು ಗೋಣಿತಟ್ಟು, ನೆಲಕ್ಕೆ ಹುಗಿದ ಕಲ್ಲು, ಉಳಿಗಳ ಡಬ್ಬಿ. ಅಲ್ಲಿ ಕೂತು ಅವರು ಬಿದರಿ ಕೆಲಸ ಮಾಡುತ್ತಾರೆ. ಹೂಜಿ, ತಟ್ಟೆ, ಬಳೆಗಳ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುವ ಕೆಲಸ. ಕೊನೆಗೆ ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಕುದಿಸಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ನಾನು ಮಹಾಮಾಯಾ. ಔರಾದ ತಾಲ್ಲೂಕಿನ ಡಾಬಕಾದವಳು, ಬೀದರಿಗೆ ಮದುವೆಯಾಗಿ ಬಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಸಿಟ್ಟಿಗೆ ಮಾತ್ರ ಇನ್ನೂ ನಿವೃತ್ತಿ ಆಗಿಲ್ಲ. ಮಧ್ಯಾಹ್ನ ಊಟವಾಗಿ ಒಂದು ಗಳಿಗೆ ಅಡ್ಡಾಗೋಣ ಎನ್ನುವಾಗಲೇ ಎದುರಿನಿಂದ ಟಕ್ ಟಕ್ ಶುರುವಾಗುತ್ತದೆ. "ಚಾಂದಭಾಯಿ, ಆ ಸುತ್ತಿಗಿಗೆ ಒಂದ್ ಸ್ವಲ್ಪ ನಿದ್ದಿ ಹತ್ತಸರಿ" ಎಂದು ಕಿಟಕಿಯಿಂದ ಕೂಗುತ್ತೇನೆ. "ಟೀಚರಬಾಯಿ, ಸಾಲಿ ಮಕ್ಕಳಿಗಿ ಬಾಯಿ ಮುಚ್ಚಸ್ಲಿಕ್ಕ ನಿಮ್ಮ ಕೈಲೆ ಆಯ್ತೇನ್ರಿ? ಇದೂ ಹಂಗೇ ಅದರಿ" ಎಂದು ಅವರು ತಲೆ ಎತ್ತದೆ ಉತ್ತರ ಕೊಡುತ್ತಾರೆ. ಆ ಉತ್ತರಕ್ಕೆ ನನ್ನ ಮೈ ಉರಿಯುತ್ತದೆ, ಅವರ ಹೆಂಡತಿ ಅಜೀಜಾ ಬೇಗಂ ಒಳಗಿನಿಂದ ನಗುತ್ತಾರೆ, ಸ್ವಲ್ಪ ಹೊತ್ತಿಗೆ ನನಗೊಂದು ಕಪ್ ಚಹಾ ಬರುತ್ತದೆ.

ಈ ಮನುಷ್ಯನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಅದನ್ನು ಅವರ ತಂದೆ ಕೂರಿಸಿದ್ದಂತೆ. ದೇವರು ಪ್ರತಿಯೊಬ್ಬರಿಗೂ ಎರಡು ಕಣ್ಣು ಕೊಡುತ್ತಾನೆ, ಅದರಲ್ಲಿ ಒಂದು ಕೆಲಸದ ಕಣ್ಣು, ಇನ್ನೊಂದು ಕಾವಲಿನ ಕಣ್ಣು. ಕೆಲಸದ ಕಣ್ಣು ಗೀರು ನೋಡುತ್ತದೆ, ತಂತಿ ನೋಡುತ್ತದೆ, ಅಕ್ಷರ ನೋಡುತ್ತದೆ. ಕಾವಲಿನ ಕಣ್ಣು ಬಾಗಿಲಲ್ಲಿ ಯಾರೋ ಬಂದರು, ಪಕ್ಕದಲ್ಲಿ ಏನೋ ಅಲುಗಿತು ಎಂಬಷ್ಟನ್ನೇ ಹೇಳುತ್ತದೆ. ಬಲಗೈ ಎಡಗೈ ಇದ್ದ ಹಾಗೆ ಎಂದು ಅವರು ವಿವರಿಸುತ್ತಿದ್ದರು. ಹೊಸದಾಗಿ ಯಾರು ಕೆಲಸಕ್ಕೆ ಬಂದರೂ ಮೊದಲು ಕಣ್ಣಿನ ಪರೀಕ್ಷೆ ಮಾಡುತ್ತಿದ್ದರು. ಕೊರೆಯದ ಖಾಲಿ ಬಳೆಯೊಂದನ್ನು ಎರಡೂ ಕೈಯಲ್ಲಿ ಚಾಚಿ ಹಿಡಿಯಬೇಕು, ಅದರೊಳಗಿಂದ ನಮ್ಮ ಮನೆಯ ತುಳಸಿ ಗಿಡವನ್ನು ನೋಡುತ್ತ ಬಳೆಯನ್ನು ಮುಖದ ಹತ್ತಿರ ತರಬೇಕು. ಬಳೆ ಯಾವ ಕಣ್ಣಿನ ಮುಂದೆ ಬಂದು ನಿಲ್ಲುತ್ತದೋ ಅದು ಕೆಲಸದ ಕಣ್ಣು.

ಚಾಂದ ಪಾಶಾರದು ಎಡಗಣ್ಣು. ಅವರ ತಂದೆಯದೂ ಎಡಗಣ್ಣೇ. ಮಗ ಕಲೀಮನದು ಬಲಗಣ್ಣಾಯಿತು. "ಅದಕ್ಕೇ ನೋಡ್ರಿ ಅಂವ ಉಳಿ ಬಿಟ್ಟು ಇಲ್ಲೇ ಕೊಳಾರದ ಫ್ಯಾಕ್ಟರಿಗಿ ಹೋದ" ಎಂದು ಅವರು ಬಹಳ ಗಂಭೀರವಾಗಿ ಹೇಳುತ್ತಿದ್ದರು. ಕಲೀಮನ ಮಗಳು ಫರ್ಹೀನ ಶಾಲೆಗೆ ಸೇರಿದ ವರ್ಷ ಒಂದು ದಿನ ಅಜ್ಜನ ಕಾರ್ಖಾನೆಯಲ್ಲಿ ಬಳೆ ಹಿಡಿದು ನಮ್ಮ ತುಳಸಿಯನ್ನು ನೋಡಿತು. ಬಳೆ ನೇರ ಎಡಗಣ್ಣಿಗೆ ಬಂತು. ಮತ್ತೆ ಮಾಡಿಸಿದರು, ಮತ್ತೆ ಎಡಗಣ್ಣು. ಅಂದು ಚಾಂದ ಪಾಶಾ ಗಲ್ಲಿಗೆಲ್ಲ ಜಿಲೇಬಿ ಹಂಚಿದರು. "ನಮ್ಮ ಮನಿ ಕಣ್ಣು ಬಂದದ್ರಿ, ಪೋರಿಗಿ ನಮ್ಮ ಮನಿ ಕಣ್ಣು ಬಂದದ" ಎಂದು ನನ್ನ ಕೈಗೂ ಒಂದು ಇಟ್ಟರು. ನನಗೆ ಸಕ್ಕರೆ ಕಾಯಿಲೆ ಇದೆ ಎಂದರೂ ಕೇಳಲಿಲ್ಲ.

ಅಂದಿನಿಂದ ಫರ್ಹೀನ ಅಜ್ಜನ ಪಕ್ಕದಲ್ಲೇ ಬೆಳೆಯಿತು. ಒಂದು ಹಳೆಯ ತಗಡಿನ ಮೇಲೆ ಮೊಳೆಯಿಂದ ಗೀಚುತ್ತ ಕೂರುತ್ತಿತ್ತು. ಚಹಾ ಬಗ್ಗಿಸಲು ಕೊಟ್ಟರೆ ಅರ್ಧ ಕಪ್ಪಿನ ಹೊರಗೆ. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವಿ ನೋಡಿ ಇಳಿಯುತ್ತಿತ್ತು. ಕಣ್ಣು ನೋಡಿದರೆ ಎರಡೂ ನೆಟ್ಟಗೆ, ದೊಡ್ಡದಾಗಿ, ಚೆಂದಾಗಿ ಇದ್ದವು. ಮೆಳ್ಳಗಣ್ಣಿದ್ದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲವಾದ್ದರಿಂದ ಹುಡುಗಿ ಸ್ವಲ್ಪ ಪೆದ್ದು, ದೊಡ್ಡವಳಾದರೆ ಸರಿಹೋಗುತ್ತಾಳೆ ಎಂದು ಎಲ್ಲರೂ ಬಿಟ್ಟರು.

ಸತ್ಯ ಹೊರಬಿದ್ದದ್ದು ಭಾಲ್ಕಿಯಲ್ಲಿ. ಅದು ಫರ್ಹೀನಳ ತಾಯಿ ರುಖ್ಸಾರಳ ತವರು. ಹಬ್ಬಕ್ಕೆ ಹೋದಾಗ ಅಲ್ಲಿಯ ಹಿತ್ತಲಲ್ಲಿ ಹುಡುಗಿಯ ಎಡಗಣ್ಣಿನ ರೆಪ್ಪೆಗೆ ಕಣಜ ಕಡಿಯಿತು. ರೆಪ್ಪೆ ಊದಿ ಕಣ್ಣು ಪೂರ್ತಿ ಮುಚ್ಚಿಹೋಯಿತು. ಅತ್ತು ಕರೆದು ಸಮಾಧಾನವಾದ ಮೇಲೆ ರುಖ್ಸಾರ ಮಗಳ ಮುಂದೆ ಅನ್ನದ ತಟ್ಟೆ ಇಟ್ಟಳು. ಹುಡುಗಿಯ ಕೈ ತಟ್ಟೆಯ ಅಂಚನ್ನು ತಡಕಾಡತೊಡಗಿತು. ಬಾಗಿಲಿಗೆ ಸೋದರಮಾವ ಬಂದು ನಿಂತರೆ "ಯಾರು?" ಎಂದಿತು. ಬಲಗಣ್ಣು ತೆರೆದೇ ಇತ್ತು, ತಿಳಿಯಾಗಿಯೇ ಇತ್ತು.

ರುಖ್ಸಾರ ತಟ್ಟೆ ಪಕ್ಕಕ್ಕೆ ಸರಿಸಿದಳು. ಮಗಳ ಮುಖದ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದಳು. ಹುಡುಗಿ ಏನು ಹೇಳಿತೆಂಬುದನ್ನು ಅವಳು ಆಮೇಲೆ ನನ್ನ ಮುಂದೆ ಹೇಳಿಕೊಂಡು ಗಳಗಳ ಅತ್ತಳು.

"ಅಮ್ಮಿ, ಈ ಕಣ್ಣೀಲೆ ನೋಡಬಾರದು. ಇದು ಕಾವಲಿನ ಕಣ್ಣು."

ಅದೇ ದಿನ ಅವಳು ಮಗಳನ್ನು ಭಾಲ್ಕಿಯ ಒಬ್ಬ ಕಣ್ಣಿನ ಡಾಕ್ಟರ ಬಳಿಗೆ ಎತ್ತಿಕೊಂಡು ಓಡಿದಳು. ಡಾಕ್ಟರ್ ಮನಿಷಾ ಎಂಬ ಹುಡುಗಿ, ನಮ್ಮ ಔರಾದ ಕಡೆಯ ಚಿಂತಾಕಿಯವಳು, ಕುರಿ ಸಾಕುವವರ ಮನೆಯಿಂದ ಬಂದು ಡಾಕ್ಟರಾದವಳು. ಊತದ ಕಣ್ಣಿಗೆ ಮದ್ದು ಕೊಟ್ಟು, ಅದು ಇಳಿದ ಮೇಲೆ ಮತ್ತೆ ಕರೆಸಿ ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದಳು.

"ಕಣ್ಣಿಗಿ ರೋಗ ಏನೂ ಇಲ್ಲವ್ವಾ" ಎಂದಳಂತೆ. "ಬಲಗಣ್ಣಿಗಿ ಸಣ್ಣಾಕಿ ಇದ್ದಾಗಿಂದ ನಂಬರ್ ಭಾಳ ಅದ. ಅದು ಮಿದುಳಿಗಿ ಬರೇ ಮಸುಕು ಮಸುಕು ಕಳಸ್ತು. ಎಡಗಣ್ಣು ಬರೋಬ್ಬರಿ ಕಳಸ್ತು. ಮಿದುಳು ಎಡಗಣ್ಣಿನ ಮಾತು ಕೇಳ್ಕೋತ ಬಲಗಣ್ಣಿನ ಮಾತು ಕೇಳೋದೇ ಬಿಟ್ಟಬಿಡ್ತು. ಇದಕ್ಕ ಸೋಮಾರಿ ಕಣ್ಣು ಅಂತಾರ."

ಮದ್ದೇನು ಎಂದರೆ ಮೊದಲು ಕನ್ನಡಕ. ಕನ್ನಡಕಕ್ಕೆ ಕಣ್ಣು ಹೊಂದಿಕೊಂಡ ಮೇಲೆ ದಿನಕ್ಕೆ ಒಂದೆರಡು ತಾಸು ಎಡಗಣ್ಣಿಗೆ ಅಂಟುಪಟ್ಟಿ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಬೇಕು. ಆಗ ಬೇರೆ ದಾರಿ ಇಲ್ಲದೆ ಮಿದುಳು ಬಲಗಣ್ಣಿನ ಮಾತು ಕೇಳುತ್ತದೆ. ಆ ಹೊತ್ತಿನಲ್ಲಿ ಹುಡುಗಿ ಸುಮ್ಮನೆ ಕೂರಬಾರದು, ಓದುವುದು, ಚಿತ್ರ ಬರೆಯುವುದು, ಮಣಿ ಪೋಣಿಸುವುದು, ಏನಾದರೂ ಹತ್ತಿರದಿಂದ ನೋಡುವ ಕೆಲಸ ಮಾಡಬೇಕು.

"ಈಗ ಮಾಡಿದ್ರ ಆಗ್ತದ" ಎಂದು ಡಾಕ್ಟರ್ ರುಖ್ಸಾರಳ ಕೈ ಹಿಡಿದು ಹೇಳಿದಳಂತೆ. "ಈ ವಯಸ್ಸಿನಾಗ ಮಿದುಳು ಹಸಿ ಮಣ್ಣು ಇದ್ದಂಗ. ದೊಡ್ಡಾಕಿ ಆದಂಗ ಆದಂಗ ಗಟ್ಟಿ ಆಗ್ತದ. ಆಮ್ಯಾಲ ಎಂಥಾ ಕನ್ನಡಕ ಹಾಕಿದ್ರೂ ಆ ಕಣ್ಣು ಬರೋದು ಕಷ್ಟ."

ಮನೆಗೆ ಬಂದು ರುಖ್ಸಾರ ಇದನ್ನೆಲ್ಲ ಹೇಳಿದ ದಿನ ನಾನೂ ಅಲ್ಲೇ ಇದ್ದೆ. ಚಾಂದ ಪಾಶಾ ಮೊದಲು 'ಸೋಮಾರಿ' ಎಂಬ ಹೆಸರಿಗೇ ಉರಿದುಬಿದ್ದರು. "ಸೋಮಾರಿ? ನಮ್ಮ ಮನ್ಯಾಗ? ಏಳು ತಲಿಯಿಂದ ಸೋಮಾರಿ ಒಬ್ಬನೂ ಹುಟ್ಟಿಲ್ಲ ನಮ್ಮ ಮನ್ಯಾಗ!" ಕನ್ನಡಕಕ್ಕೆ ಹೂಂ ಎಂದರು. ಪಟ್ಟಿಯ ಮಾತು ಬಂದಾಗ ಎದ್ದೇ ನಿಂತರು. "ಕೆಲಸದ ಕಣ್ಣಿಗಿ ಪಟ್ಟಿ ಹಚ್ತಾರೇನ್ರಿ ಟೀಚರಬಾಯಿ? ಬಲಗೈ ಕಟ್ಟಿಹಾಕಿ ಎಡಗೈಲೆ ಬರಿ ಅಂದಂಗ ಆಯ್ತು. ತೌಬಾ ತೌಬಾ!"

"ಅಬ್ಬಾ, ಡಾಕ್ಟರು ಹೇಳ್ಯಾರ. ನಾ ಹಚ್ಚೇ ಹಚ್ತೀನಿ" ಎಂದಳು ರುಖ್ಸಾರ. ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ಮಾವನೆದುರು ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ಶಹಬ್ಬಾಸ್ ಎಂದುಕೊಂಡೆ. ಕಲೀಮನೂ ಹೆಂಡತಿಯ ಕಡೆಗೇ ನಿಂತ. ಚಾಂದ ಪಾಶಾ ಹೋಗಿ ಸುತ್ತಿಗೆ ಹಿಡಿದರು. ಅವತ್ತಿನ ಬಡಿತಕ್ಕೆ ನನ್ನ ಡಬ್ಬಿಗಳ ಮುಚ್ಚಳಗಳೇ ಬಿದ್ದವು.

ಅಷ್ಟರಲ್ಲಿ ನಾನು ಡಾಬಕಾಗೆ ಹೋಗಬೇಕಾಯಿತು. ತಮ್ಮನ ಮಗಳ ಬಾಣಂತನ. ಹೋದವಳು ಅಲ್ಲೇ ಕೆಲವು ತಿಂಗಳು ಉಳಿದುಬಿಟ್ಟೆ. ತಿರುಗಿ ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಮನೆ ಸೇರುವ ಮೊದಲೇ ರುಖ್ಸಾರ ಗಲ್ಲಿಯ ತಿರುವಿನಲ್ಲಿ ಸಿಕ್ಕಳು. ಮುಖ ಬಾಡಿತ್ತು. ಭಾಲ್ಕಿಗೆ ತೋರಿಸಲು ಹೋಗಿದ್ದಳಂತೆ. ಬಲಗಣ್ಣಿನಲ್ಲಿ ಎಳ್ಳಷ್ಟೂ ಸುಧಾರಣೆ ಇಲ್ಲವಂತೆ.

"ಡಾಕ್ಟರು ನನಗೇ ಕೇಳಿದ್ರು ಟೀಚರಮ್ಮ, ಖರೇ ಹೇಳು, ಪಟ್ಟಿ ಹಚ್ಲಕತ್ತಿ ಇಲ್ಲೋ ಅಂತ. ದಿನಾ ನನ್ನ ಕೈಲೇ ಹಚ್ಚಿ ಹೋಗ್ತೀನಿ. ಬಂದು ನೋಡಿದ್ರ ಹಚ್ಚಿದ್ದು ಹಂಗೇ ಇರ್ತದ. ಮತ್ತ ಯಾಕ ಆಗವಲ್ದು? ನನ್ನ ಮಗಳ ನಸೀಬೇ ಹಿಂಗೇನ್ರಿ?"

ಅವಳು ಮಧ್ಯಾಹ್ನ ಹೊಲಿಗೆ ಕಲಿಸಲು ಹೋಗುತ್ತಾಳೆ. ಶಾಲೆಯಿಂದ ಬಂದ ಮಗಳಿಗೆ ಉಣ್ಣಿಸಿ, ಪಟ್ಟಿ ಹಚ್ಚಿ, ಅಜ್ಜನ ಬಳಿ ಕೂರಿಸಿ ಹೋಗುವುದು ರೂಢಿ. ಅಜ್ಜನ ಬಳಿ ಎಂದು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಏನೋ ಗುಂಯ್ ಎಂದಿತು. ಏನೂ ಹೇಳದೆ ಮನೆಗೆ ಹೋದೆ. ಮರುದಿನ ಮಧ್ಯಾಹ್ನ ಕಿಟಕಿಯಲ್ಲಿ ಕೂತೆ. ರುಖ್ಸಾರ ಗಲ್ಲಿಯ ತಿರುವು ದಾಟಿದ್ದೇ ತಡ, ಚಾಂದ ಪಾಶಾ ಸುತ್ತಿಗೆ ಕೆಳಗಿಟ್ಟು, ಮೊಮ್ಮಗಳ ಗಲ್ಲ ಹಿಡಿದು, ನೀರು ಹಚ್ಚಿ ಮೆಲ್ಲಗೆ ಪಟ್ಟಿ ಬಿಚ್ಚಿದರು. ಬಿಚ್ಚಿದ್ದನ್ನು ಒಣಗಲೆಂದು ಉಳಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರು. ಅವಳು ಬರುವ ಹೊತ್ತಿಗೆ ತಿರುಗಿ ಹಚ್ಚಲು ಸರೇಸಿನ ಅಂಟಿನ ಡಬ್ಬಿ ಕೂಡ ಪಕ್ಕದಲ್ಲೇ ಇತ್ತು.

ನನಗೆ ಕಂಡ ಸಿಟ್ಟನ್ನು ಏನೆಂದು ಹೇಳಲಿ! ಚಪ್ಪಲಿ ಕೂಡ ಹಾಕಿಕೊಳ್ಳದೆ ಗಲ್ಲಿ ದಾಟಿದೆ.

"ಚಾಂದಭಾಯಿ! ನಾಚಿಕಿ ಆಗಂಗಿಲ್ಲೇನ್ರಿ? ಮಗೀ ಕಣ್ಣು ಕೈಯಾರೆ ಕಿತ್ಲಕತ್ತೀರಲ್ಲ!"

ಅವರು ಗಾಬರಿಯಾದರು. ಆದರೆ ಸೋಲುವ ಜಾತಿಯಲ್ಲ. "ಹುಡುಗಿ ಅಳ್ತದ್ರಿ. ಏನೂ ಕಾಣಂಗಿಲ್ಲ ಅಂತ ನನ್ನ ತೊಡಿ ಮ್ಯಾಲ ಬಿದ್ದು ಅಳ್ತದ. ಬೀದಿ ಹುಡುಗ್ರು ಕಾಣೀ ಕಾಣೀ, ಒಕ್ಕಣ್ಣಿ ಅಂತ ಕಾಡಸ್ತಾವ. ನನ್ನ ಕರುಳು ಚುರ್ ಅಂತದ. ಮತ್ತ ಯಾತರ ಸಲುವಾಗಿ ಇದೆಲ್ಲ? ಕಾವಲಿನ ಕಣ್ಣು ಅಂದ್ರ ಇರೋದೇ ಹಂಗ. ನಂದೂ ಹಂಗೇ ಅದ. ನಿಮ್ಮದೂ ಹಂಗೇ ಅದ. ಎಲ್ಲಾರದೂ ಹಂಗೇ ಅದ!"

"ನಂದು ಹಂಗಿಲ್ಲ" ಎಂದೆ.

"ಅದರಿ."

"ಇಲ್ರಿ!"

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಬಲಗಣ್ಣು ಮುಚ್ಚಿ ಅದರ ವಾರಗಳ ಹೆಸರು ಓದಿದೆ. ಎಡಗಣ್ಣು ಮುಚ್ಚಿ ಮತ್ತೆ ಓದಿದೆ. ಅವರು ನಕ್ಕರು. "ವಾರದ ಹೆಸರು ಯಾರಿಗಿ ಗೊತ್ತಿಲ್ರಿ? ಸಾಲಿ ಟೀಚರು ನೀವು, ಬಾಯಿಪಾಠ ಹೇಳ್ಲಕತ್ತೀರಿ." ಬಳೆ ಸುತ್ತಿಟ್ಟಿದ್ದ ಹಳೆಯ ಪತ್ರಿಕೆಯ ಹರಕು ತೆಗೆದು ನನ್ನ ಮುಂದೆ ಹಿಡಿದರು. ಕನ್ನಡಕ ಏರಿಸಿ ಅದನ್ನೂ ಓದಿದೆ, ಮೊದಲು ಎಡಗಣ್ಣಿನಿಂದ, ಆಮೇಲೆ ಬಲಗಣ್ಣಿನಿಂದ. ಎಮ್ಮೆ ಕಳೆದುಹೋದ ಸುದ್ದಿ ಅದು, ಎರಡು ಕಣ್ಣಿಗೂ ಒಂದೇ ಎಮ್ಮೆ ಕಂಡಿತು.

ಚಾಂದ ಪಾಶಾರ ನಗು ನಿಂತಿತು. "ಅಜೀಜಾ" ಎಂದು ಹೆಂಡತಿಯನ್ನು ಕೂಗಿದರು. ಅಜೀಜಾ ಬೇಗಂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅವರಿಗೆ ಓದು ಬರುವುದಿಲ್ಲ. ಚಾಂದ ಪಾಶಾ ಸೂಜಿ ದಾರ ಕೊಟ್ಟರು. ಅಜೀಜಾ ಬೇಗಂ ಒಂದು ಕಣ್ಣು ಮುಚ್ಚಿ ಸೂಜಿಯ ತೂತು ತೋರಿಸಿದರು, ಇನ್ನೊಂದು ಕಣ್ಣು ಮುಚ್ಚಿಯೂ ತೋರಿಸಿದರು. "ಯಾಕ್ರಿ, ಏನಾಯ್ತು?" ಎಂದು ನಮ್ಮಿಬ್ಬರ ಮುಖ ನೋಡಿದರು.

ಚಾಂದ ಪಾಶಾ ಅಂಗೈಯಿಂದ ತಮ್ಮ ಎಡಗಣ್ಣು ಮುಚ್ಚಿಕೊಂಡರು. ನಾನು ಎದುರಿಗೇ ಕೂತಿದ್ದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಟೀಚರಬಾಯಿ" ಎಂದರು ಸಣ್ಣ ದನಿಯಲ್ಲಿ, "ನಿಮ್ಮ ಮೂಗು ಎಲ್ಲಿ ಅದ ನನಗ ಕಾಣವಲ್ದು. ನಿಮಗ ಎರಡರಾಗೂ ಕಾಣ್ತದ? ಖರೇ? ಸುಳ್ಳ ಹೇಳಬ್ಯಾಡ್ರಿ."

"ನಿಮ್ಮಾಣೆ ಖರೇ" ಎಂದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ. ತಲೆ ನರೆಯುವವರೆಗೆ ಆ ಮನುಷ್ಯ ಜಗತ್ತಿನವರೆಲ್ಲರೂ ಒಂದೇ ಕಣ್ಣಿನಲ್ಲಿ ಬದುಕುತ್ತಿದ್ದಾರೆ ಎಂದುಕೊಂಡಿದ್ದರು. ಅವರ ತಂದೆಗೂ ಹಾಗೇ ಇದ್ದಿರಬೇಕು, ಆತ ಮಗನಿಗೂ ಹಾಗೆಯೇ ಹೇಳಿ ಹೋಗಿದ್ದ. ಫರ್ಹೀನ ಮೂಲೆಯಲ್ಲಿ ಕೂತು ತಗಡಿನ ಮೇಲೆ ಗೀಚುತ್ತಿತ್ತು, ಎಡಗಣ್ಣಿನಿಂದ.

ಸಂಜೆ ರುಖ್ಸಾರ ಬಂದಾಗ ಅವರೇ ಎಲ್ಲ ಹೇಳಿದರು. ಅವಳು ಕೂಗಾಡಲಿಲ್ಲ. ಡಬ್ಬಿಯ ಮುಚ್ಚಳದಿಂದ ಪಟ್ಟಿ ಕಿತ್ತು ಮುಷ್ಟಿಯಲ್ಲಿ ಹಿಡಿದು, "ನನ್ನ ಮಗಳು ಜೀವನಪೂರ್ತಿ ಹಿಂಗೇ ಇರಲಿ ಅಂತ ಇತ್ತೇನ್ರಿ ಅಬ್ಬಾ ನಿಮಗ?" ಎಂದಳು ಅಷ್ಟೇ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಅಜೀಜಾ ಬೇಗಂ ಹೇಳಿದರು.

ಮುಂದಿನ ವಾರ ನಾವೆಲ್ಲ ಬಸ್ಸು ಹತ್ತಿ ಭಾಲ್ಕಿಗೆ ಹೋದೆವು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೊರಟೆ. ಡಾಕ್ಟರ್ ಮನಿಷಾ ಮೊದಲು ಮೊಮ್ಮಗಳನ್ನು, ಆಮೇಲೆ ಅಜ್ಜನನ್ನು ಕೂರಿಸಿ ನೋಡಿದಳು. ಅಜ್ಜನ ಬಲಗಣ್ಣೂ ಅದೇ ಕಥೆ. ಎಡಗಣ್ಣಿನಲ್ಲಿ ಪೊರೆ ಬರುತ್ತಿತ್ತು.

"ಈ ಕಣ್ಣಿಗಿ ನಾನೂ ಪಟ್ಟಿ ಹಚ್ಕೊಂಡ್ರ?" ಎಂದು ಚಾಂದ ಪಾಶಾ ಕೇಳಿದರು. ಕೇಳುವಾಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದರು.

"ಈಗ ಆಗಂಗಿಲ್ಲ ಚಾಚಾ. ನೀವು ಸಣ್ಣವರಿದ್ದಾಗ ಯಾರರ ಹಚ್ಚಿದ್ರ ಆಗ್ತಿತ್ತು. ಇನ್ನ ನಿಮಗ ಇರೋದು ಎಡಗಣ್ಣೊಂದೇ. ಉಳಿ ಬಡಿಯೋ ಮುಂದ ಚೂರು ಸಿಡೀತಾವ, ದಪ್ಪ ಗಾಜಿನ ಕನ್ನಡಕ ಹಾಕ್ಕೊಂಡೇ ಕೂಡ್ರಿ."

ಅವರು ಟೋಪಿಯನ್ನು ತಲೆಗೆ ಹಾಕಿಕೊಂಡರು. ಆಮೇಲೆ ಕೇಳಿದ್ದು ತಮ್ಮ ಕಣ್ಣಿನ ಬಗ್ಗೆ ಅಲ್ಲ. "ನಾ ಬಿಚ್ಚಿದ ದಿನಾ ಎಲ್ಲಾ ಹೋದವೇನವ್ವಾ? ಹುಡುಗೀಗಿ ಹೊತ್ತು ಮೀರೇದೇನು?"

"ಮೀರಿಲ್ಲ. ಆದ್ರ ಇನ್ನ ಒಂದು ದಿನಾನೂ ಕಳೀಬ್ಯಾಡ್ರಿ. ಎಷ್ಟು ಬರ್ತದ ಅಂತ ನಾನೂ ಹೇಳಾಂಗಿಲ್ಲ. ಹಚ್ಚಿ ನೋಡಬೇಕು" ಎಂದಳು ಡಾಕ್ಟರ್.

ಅಲ್ಲಿಂದ ಮುಂದೆ ಆ ಮನುಷ್ಯ ಪೂರ್ತಿ ಉಲ್ಟಾ ಆದರು. ಪಟ್ಟಿ ಹಚ್ಚುವುದು ಈಗ ಅವರದೇ ಕೆಲಸ. ಹಚ್ಚಿ, ಸುತ್ತಲೂ ಬೆರಳಾಡಿಸಿ, ಸಂದಿನಿಂದ ಕದ್ದು ನೋಡುವಷ್ಟು ಜಾಗ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಕಾಣೀ ಎಂದು ಕಾಡಿಸುವ ಹುಡುಗರನ್ನು ಗಲ್ಲಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ, ಮರುದಿನ ಅವರನ್ನೇ ಕರೆದು ಬೆಲ್ಲ ಕೊಟ್ಟು ಮೊಮ್ಮಗಳ ಜೊತೆ ಆಟಕ್ಕೆ ಕೂರಿಸಿದರು. ಹುಡುಗಿ ಅತ್ತರೆ ಅವರ ಕಣ್ಣಲ್ಲೂ ನೀರು ಬರುತ್ತಿತ್ತು, ಪಟ್ಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಒಂದು ದಿನ ಜೊತೆಗಿರಲಿ ಎಂದು ತಾವೂ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಸುತ್ತಿಗೆ ಎತ್ತಿದರು, ಹೆಬ್ಬೆರಳು ಜಜ್ಜಿಕೊಂಡರು. ಆಮೇಲಿಂದ ಪಟ್ಟಿಯ ಹೊತ್ತಿನಲ್ಲಿ ಸುತ್ತಿಗೆಯನ್ನೇ ಮುಟ್ಟಲಿಲ್ಲ, ಬರೀ ಅವಳ ಪಕ್ಕ ಕೂರುತ್ತಿದ್ದರು. ಮಧ್ಯಾಹ್ನ ಗಲ್ಲಿ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಇಷ್ಟು ವರ್ಷ ಬೇಡಿದ ನಿದ್ದೆ ಮಾಡಲು ನನಗೆ ತಡೆ ಇರಲಿಲ್ಲ. ಹಾಳಾದ್ದು, ಕಣ್ಣೇ ಹತ್ತುತ್ತಿರಲಿಲ್ಲ.

ಹುಡುಗಿಗೆ ಅವರು ಕೊಟ್ಟ ಕೆಲಸ ನೋಡಬೇಕಿತ್ತು. ಮೊದಲು ಒಂದು ಒಡೆದ ತಟ್ಟೆಯ ಮೇಲೆ ಬೆರಳಗಲದ ಬಳ್ಳಿ ಕೊರೆದುಕೊಟ್ಟರು. ಆ ಗೀರಿನಲ್ಲಿ ಫರ್ಹೀನ ಉಣ್ಣೆಯ ದಾರ ಕೂರಿಸಬೇಕು. ಮೊದಮೊದಲು ದಾರ ಬಳ್ಳಿಯ ಹೊರಗೇ ಬೀಳುತ್ತಿತ್ತು, ಹುಡುಗಿ ತಟ್ಟೆ ಎಸೆದು ಕಾಲು ಬಡಿಯುತ್ತಿತ್ತು. "ಬರ್ತದ ಬೇಟಾ, ಬರ್ತದ, ಇನ್ನೊಮ್ಮಿ ನೋಡು" ಎಂದು ಅವರು ಎತ್ತಿ ತಂದಿಡುತ್ತಿದ್ದರು. ಅದು ಬಂದ ಮೇಲೆ ಸ್ವಲ್ಪ ಸಣ್ಣ ಬಳ್ಳಿ, ಸ್ವಲ್ಪ ತೆಳ್ಳಗಿನ ದಾರ. ಗಿರಾಕಿಗಳ ಹೂಜಿ ಅರ್ಧಕ್ಕೆ ನಿಂತರೂ ಮೊಮ್ಮಗಳ ಬಳ್ಳಿ ನಿಲ್ಲಲಿಲ್ಲ. ಭಾಲ್ಕಿಗೆ ಹೋದಾಗಲೊಮ್ಮೆ ಡಾಕ್ಟರ್ "ಸ್ವಲ್ಪ ಬಂದದ, ಬಿಡಬ್ಯಾಡ್ರಿ" ಎನ್ನುತ್ತಿದ್ದಳು. ಆ ಸ್ವಲ್ಪ ಎಷ್ಟು, ಮುಂದೆ ಬೆಳೆಯುತ್ತದೋ ಅಲ್ಲಿಗೇ ನಿಲ್ಲುತ್ತದೋ, ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ನಡುವೆ ಚಾಂದ ಪಾಶಾರ ಎಡಗಣ್ಣಿನ ಪೊರೆ ದಪ್ಪವಾಯಿತು. ಉಳಿ ಗೀರು ಬಿಟ್ಟು ಜಾರತೊಡಗಿತು. ಮೊಮ್ಮಗಳಿಗೆ ಸಣ್ಣ ಬಳ್ಳಿ ಕೊರೆಯುವುದೇ ಆಗದಾಯಿತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಮಾತು ತೇಲಿಸುತ್ತಿದ್ದರು. ಕೊನೆಗೊಂದು ದಿನ ನಾನು ಜಗಳ ತೆಗೆದಾಗ ಬಾಯಿಬಿಟ್ಟರು. "ಅಂಜಿಕಿ ಬರ್ತದ್ರಿ. ಮಂದಿಗಿ ಒಂದು ಹೋದ್ರ ಇನ್ನೊಂದು ಇರ್ತದ. ನನಗ ಇದೊಂದೇ. ಇದು ಹೋದ್ರ ಪೋರಿ ಮಾರಿ ಮತ್ತ ನೋಡಂಗಿಲ್ಲ."

ಅವರ ಬಾಯಿಂದ ಅಂಜಿಕೆ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೂ ಅಂಜಿಕೆಯಾಯಿತು. ಆದರೂ ಗದರಿದೆ. "ಬಿಟ್ರ ಹೆಂಗಿದ್ರೂ ಹೋಗ್ತದ. ಸುಮ್ಕ ನಡೀರಿ!" ಬೀದರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಬೆಳಿಗ್ಗೆ ಆಪರೇಷನ್ ಆಯಿತು, ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿಗೆ ದಪ್ಪ ಹತ್ತಿಯ ಕಟ್ಟು ಹಾಕಿ ಮನೆಗೆ ಕಳಿಸಿದರು. ಎಲ್ಲ ಸರಿಯಾಗಿದೆ, ನಾಳೆ ಬೆಳಿಗ್ಗೆ ಕಟ್ಟು ಬಿಚ್ಚುತ್ತೇವೆ ಎಂದರು. ಅಲ್ಲಿಯವರೆಗೆ ಅವರಿಗೆ ಉಳಿದದ್ದು ಆ ಬಲಗಣ್ಣೊಂದೇ, ಅದರಲ್ಲಿ ಬೆಳಕು ನೆರಳು ಬಿಟ್ಟರೆ ಬೇರೇನೂ ಇಲ್ಲ. ಕಲೀಮ ಕೈ ಹಿಡಿದು ತಂದು ಗೋಡೆಗೆ ದಿಂಬು ಕೊಟ್ಟು ಕೂರಿಸಿದ.

ಅವತ್ತೇ ಭಾಲ್ಕಿಯಿಂದ ರುಖ್ಸಾರಳ ಅಣ್ಣ ಕಾರಂಜಾ ಜಲಾಶಯದ ಮೀನು ತಂದಿದ್ದ. ಚಾಂದ ಪಾಶಾರ ಪ್ರಾಣ ಅದು, ಆದರೆ ಮೈತುಂಬ ಕೂದಲಿನಂಥ ಮುಳ್ಳು. ಹಿಂದೊಮ್ಮೆ ಗಂಟಲಲ್ಲಿ ಸಿಕ್ಕಿ ಆಸ್ಪತ್ರೆಗೆ ಓಡಿದ್ದರಂತೆ. ಅಂದಿನಿಂದ ಹೆಂಡತಿ ಆರಿಸಿಕೊಟ್ಟರೂ ತಾವು ಇನ್ನೊಮ್ಮೆ ಕಣ್ಣಾಡಿಸದೆ ಬಾಯಿಗೆ ಇಟ್ಟವರಲ್ಲ. "ನನಗ ಬರೇ ಸಾರು ಅನ್ನ ಹಾಕ್ರಿ, ಮೀನು ಬ್ಯಾಡ" ಎಂದರು. ವಾಸನೆಗೆ ಮೂಗು ಅರಳುತ್ತಲೇ ಇತ್ತು, ಪಾಪ. ನೋಡಲು ಹೋದ ನಾನು ಪಕ್ಕದಲ್ಲೇ ಕೂತಿದ್ದೆ. ನಾನು ಮೀನು ಮುಟ್ಟುವವಳಲ್ಲ. ಅಜೀಜಾ ಬೇಗಂ ಒಲೆಯ ಮುಂದಿದ್ದರು.

ಫರ್ಹೀನ ಅಜ್ಜನ ತಟ್ಟೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಬಗ್ಗಿ ಕೂತಳು. ಬೆರಳ ತುದಿಯಿಂದ ಮೀನು ಬಿಡಿಸಿ, ಮುಳ್ಳು ಹಿರಿದು ಹಿರಿದು ತಟ್ಟೆಯ ಅಂಚಿಗೆ ಇಡತೊಡಗಿದಳು. ನಾನು ನೋಡುತ್ತಲೇ ಇದ್ದೆ.

"ಯಾರದು, ಫರ್ಹೀನನಾ? ಏನ್ ಮಾಡ್ಲಕತ್ತಿ?" ಎಂದರು ಅಜ್ಜ.

"ನಿಮ್ಮ ಮೀನಿನ ಮುಳ್ಳು ತಗೀಲಕತ್ತೀನಿ ದಾದಾ."

"ಇದು ಪಟ್ಟಿ ಹೊತ್ತಲ್ಲೇನು? ನಾ ಮಲಗೀನಿ ಅಂತ ಪಟ್ಟಿ ತಪ್ಪಸ್ತಿ? ಮೀನು ಹಾಳಾಗಿ ಹೋಗ್ಲಿ, ಮೊದಲು ಪಟ್ಟಿ ಹಚ್ಕೋ ಹೋಗು. ರುಖ್ಸಾರ! ಏ ರುಖ್ಸಾರ! ಹುಡುಗೀಗಿ ಪಟ್ಟಿ ಹಚ್ಚಿಲ್ಲ ನೋಡು ಇವತ್ತ..."

"ಹಚ್ಕೊಂಡೀನಿ ದಾದಾ."

"ಸುಳ್ಳ ಹೇಳಬ್ಯಾಡ."

ಹುಡುಗಿ ಎಂಜಲಾಗದ ಎಡಗೈಯಿಂದ ಅಜ್ಜನ ಕೈ ಎತ್ತಿ ತನ್ನ ಮುಖದ ಮೇಲೆ ಇಟ್ಟುಕೊಂಡಿತು. ಅವರ ಬೆರಳು ಕನ್ನಡಕ ಮುಟ್ಟಿತು, ಅದರ ಕೆಳಗೆ ಹೋಯಿತು, ಎಡಗಣ್ಣಿನ ಪಟ್ಟಿಯ ಮೇಲೆ ನಿಂತಿತು. ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಹೋಗಿ ಬಂತು. ಎಲ್ಲೂ ಸಂದಿರಲಿಲ್ಲ.

"ತಗದ ಮುಳ್ಳು ಕೊಡು ಇಲ್ಲಿ" ಎಂದರು. ಹುಡುಗಿ ಅವರ ಅಂಗೈಯಲ್ಲಿ ಒಂದು ಮುಳ್ಳು ಇಟ್ಟಿತು. ಹೆಬ್ಬೆರಳಿನಿಂದ ಅದನ್ನು ಹುಡುಕಿಕೊಳ್ಳಲು ಅವರಿಗೇ ಬಹಳ ಹೊತ್ತು ಬೇಕಾಯಿತು, ಅಷ್ಟು ಸಣ್ಣದು. ಸಿಕ್ಕ ಮೇಲೆ ಮುಷ್ಟಿ ಮುಚ್ಚಿಕೊಂಡರು. ಬಲಗಣ್ಣಿನಿಂದ ನೀರು ಇಳಿಯಿತು. ಅಳಬೇಡಿ, ಆಪರೇಷನ್ ಆದ ಕಣ್ಣು ಎಂದು ಗದರಬೇಕಾದ ನಾನೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

"ಬಾಯಿ ತಗೀರಿ ದಾದಾ" ಎಂದಿತು ಹುಡುಗಿ.

ಅವರು ಬಾಯಿ ತೆರೆದರು. ತುತ್ತು ಬಂತು. ಚಾಂದ ಪಾಶಾ ಅದನ್ನು ನಾಲಗೆಯಿಂದ ತಡಕಿ ನೋಡಲಿಲ್ಲ, ಹಲ್ಲಿನಿಂದ ಹುಡುಕಲಿಲ್ಲ, ಹಾಗೇ ನುಂಗಿಬಿಟ್ಟರು.